ಡಿಸ್ಕ್ ಒಳಗೇ ಇದ್ದರೂ ಗೇಮ್ 'ಡಿಸ್ಕ್ ಹಾಕಿ' ಅಂದರೆ ಏನು ಮಾಡಬೇಕು?

ಡ್ರೈವಿನಲ್ಲಿ ಡಿಸ್ಕ್ ಗಿರಗಿರ ತಿರುಗುತ್ತಿರುತ್ತದೆ, ಪರದೆಯ ಮೇಲೆ ಮಾತ್ರ 'ಸರಿಯಾದ ಸಿಡಿ ಹಾಕಿ ಓಕೆ ಒತ್ತಿ' ಎಂಬ ಅದೇ ರಾಗ. ಈ ಒಂದು ಸಂದೇಶದ ಹಿಂದೆ ಮೂರು ಬೇರೆ ಬೇರೆ ಕಾಯಿಲೆಗಳಿರಬಹುದು. ಡಿಸ್ಕನ್ನೇ ಓದಲು ಆಗುತ್ತಿಲ್ಲ. ಅಥವಾ ಡಿಸ್ಕ್ ಚೆನ್ನಾಗಿಯೇ ಇದೆ, ಗೇಮ್ ಬೇರೆ ಡ್ರೈವಿನಲ್ಲಿ ಹುಡುಕುತ್ತಿದೆ. ಅಥವಾ ಎರಡೂ ಸರಿಯಿದ್ದು, ನಕಲು ತಡೆಯಲೆಂದು ಕೂಡಿಸಿದ ಕಾವಲು ತಂತ್ರಾಂಶ ಬಾಗಿಲು ತೆಗೆಯುತ್ತಿಲ್ಲ. ಯಾವುದೆಂದು ತಿಳಿಯುವ ಮೊದಲೇ ಗೇಮನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವವರೇ ಹೆಚ್ಚು. ಅದರಿಂದ ಸರಿಹೋಗುವುದು ಸಾಮಾನ್ಯವಾಗಿ ಎರಡನೆಯದು ಮಾತ್ರ.

ಒಂದು ಸಣ್ಣ ವಿಷಯವನ್ನು ಮೊದಲೇ ನೋಡಿಬಿಡಿ. ಎರಡು, ಮೂರು ಡಿಸ್ಕುಗಳಲ್ಲಿ ಬಂದ ಗೇಮಾದರೆ ಇನ್‌ಸ್ಟಾಲ್ ಮಾಡುವ ಡಿಸ್ಕ್ ಬೇರೆ, ಆಡುವಾಗ ಒಳಗಿರಬೇಕಾದ ಡಿಸ್ಕ್ ಬೇರೆ ಇರಬಹುದು. ಡಿಸ್ಕಿನ ಮೇಲೆ 'ಪ್ಲೇ ಡಿಸ್ಕ್' ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಒಂದೊಂದಾಗಿ ಹಾಕಿ ನೋಡಿ. ಎಕ್ಸ್‌ಪ್ಯಾನ್ಷನ್ (ಮೂಲ ಗೇಮಿಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿದ ಮೇಲೆ ಹಲವು ಗೇಮುಗಳು ಮೂಲ ಡಿಸ್ಕನ್ನು ಬಿಟ್ಟು ಎಕ್ಸ್‌ಪ್ಯಾನ್ಷನ್ನಿನ ಡಿಸ್ಕನ್ನೇ ಕೇಳುತ್ತವೆ.

ಡಿಸ್ಕ್ ಓದಲು ಬರುತ್ತಿದೆಯೇ?

ಫೈಲ್ ಎಕ್ಸ್‌ಪ್ಲೋರರಿನಲ್ಲಿ ಡ್ರೈವ್ ತೆರೆಯಿರಿ. ಫೈಲುಗಳ ಪಟ್ಟಿ ಕಂಡ ಮಾತ್ರಕ್ಕೆ ಡಿಸ್ಕ್ ಸರಿಯಿದೆ ಎನ್ನಲಾಗದು. ಪಟ್ಟಿ ಇರುವುದು ಡಿಸ್ಕಿನ ಒಳ ಅಂಚಿನ ಹತ್ತಿರದ ಒಂದಿಷ್ಟು ಜಾಗದಲ್ಲಿ. ಎಲ್ಲ ಫೈಲುಗಳನ್ನೂ ಹಾರ್ಡ್ ಡಿಸ್ಕಿನ ಖಾಲಿ ಫೋಲ್ಡರಿಗೆ ಕಾಪಿ ಮಾಡಿ. 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಎಂಬ ದೋಷ ಬಂದರೆ, ಅಥವಾ ಒಂದೇ ಫೈಲಿನ ಹತ್ತಿರ ಪ್ರತಿ ಬಾರಿಯೂ ಕಾಪಿ ತೆವಳತೊಡಗಿದರೆ, ತೊಂದರೆ ಇರುವುದು ಡಿಸ್ಕ್ ಅಥವಾ ಡ್ರೈವಿನಲ್ಲಿ. ವಿಂಡೋಸ್ ದೋಷಗಳನ್ನು ದಾಖಲಿಸಿಡುವ ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ 'ಸಿಡಿರಾಮ್ 0'ಗೆ ಬ್ಯಾಡ್ ಬ್ಲಾಕ್ ಇದೆ ಎಂಬ 7ನೇ ಸಂಖ್ಯೆಯ ದಾಖಲೆ ಸಿಕ್ಕರೆ ಆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಒರೆಸುವಾಗ ಮೃದುವಾದ, ನೂಲು ಬಿಡದ ಬಟ್ಟೆ ತೆಗೆದುಕೊಂಡು ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ಸುತ್ತು ಸುತ್ತಾಗಿ ಉಜ್ಜಬೇಡಿ. ದತ್ತಾಂಶ ಸುರುಳಿಯಾಕಾರದಲ್ಲಿರುವುದರಿಂದ ಅಡ್ಡಗೀರು ಒಂದೊಂದು ಸುತ್ತಿನಲ್ಲಿ ಚೂರುಚೂರೇ ಕೆಡಿಸುತ್ತದೆ. ಸುತ್ತಿನ ಜೊತೆಗೇ ಸಾಗುವ ಗೀರು ಒಂದೇ ಕಡೆ ಉದ್ದಕ್ಕೆ ನುಂಗಿಹಾಕುತ್ತದೆ. ಸಿಡಿಯ ದೋಷ ತಿದ್ದುವ ವ್ಯವಸ್ಥೆ ಸುಮಾರು 2.5 ಮಿಲಿಮೀಟರ್ ಉದ್ದದ ನಷ್ಟವನ್ನು ತುಂಬಿಕೊಳ್ಳಬಲ್ಲದು, ಅದಕ್ಕಿಂತ ಹೆಚ್ಚಾದರೆ ಕೈಚೆಲ್ಲುತ್ತದೆ.

ಹೊಳೆಯುವ ಬದಿಯ ಗೀರುಗಳಿಗಿಂತ ಲೇಬಲ್ ಬದಿಯ ಗೀರು ಅಪಾಯಕಾರಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 1.2 ಮಿಲಿಮೀಟರ್ ದಪ್ಪದ ಸಿಡಿಯಲ್ಲಿ ದತ್ತಾಂಶದ ಪದರ ಇರುವುದು ಲೇಬಲ್ಲಿನ ತೆಳು ಮೆರುಗೆಣ್ಣೆಯ ಅಡಿಯಲ್ಲೇ. ಡಿವಿಡಿಯಲ್ಲಾದರೆ ಅದು ಎರಡು ತಟ್ಟೆಗಳ ನಡುವೆ ಭದ್ರವಾಗಿರುತ್ತದೆ. ಸಿಡಿಯನ್ನು ಟಾರ್ಚಿನ ಎದುರು ಹಿಡಿಯಿರಿ; ಸೂಜಿಮೊನೆಯಂಥ ತೂತುಗಳಿಂದ ಬೆಳಕು ಇಣುಕಿದರೆ ಅಲ್ಲಿನ ದತ್ತಾಂಶ ಹೋಯಿತು, ಯಾವ ಪಾಲಿಶೂ ತರಲಾರದು. ನಡುವಿನ ರಂಧ್ರದ ಸುತ್ತ ಬಿರುಕು ಬಿಟ್ಟ ಡಿಸ್ಕನ್ನಂತೂ ಡ್ರೈವಿಗೆ ಹಾಕಲೇಬೇಡಿ, ವೇಗಕ್ಕೆ ಒಳಗೇ ಸಿಡಿದು ಚೂರಾಗಬಹುದು.

ಬೇರೆ ಸಿಡಿಗಳನ್ನು ಓದುವ ಡ್ರೈವ್ ಈ ಡಿವಿಡಿಯನ್ನು ಮಾತ್ರ ಓದದಿದ್ದರೆ ಡಿಸ್ಕನ್ನು ದೂರುವ ಮೊದಲು ಇನ್ನೊಂದು ಡಿವಿಡಿ ಹಾಕಿ ನೋಡಿ. ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650 ನ್ಯಾನೊಮೀಟರ್ ಲೇಸರ್ ಬೇಕು. ಒಂದು ಸೊರಗಿ ಇನ್ನೊಂದು ಗಟ್ಟಿಯಾಗಿರುವುದು ಸಾಧ್ಯ. ಯುಎಸ್‌ಬಿ ಡ್ರೈವನ್ನು ಹಬ್ ಮೂಲಕ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ, ಡಿಸ್ಕ್ ವೇಗ ಹಿಡಿಯುವ ಹೊತ್ತಿಗೆ ವಿದ್ಯುತ್ ಸಾಲದೆ ಕೈಕೊಡುವುದುಂಟು.

ಎಕ್ಸ್‌ಪ್ಲೋರರಿನಲ್ಲಿ ಡ್ರೈವೇ ಕಾಣುತ್ತಿಲ್ಲವೇ? ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಹೆಸರಿನ ಮೇಲೆ ಹಳದಿ ಗುರುತು ಇದ್ದು ಕೋಡ್ 19, 31, 32 ಅಥವಾ 39 ತೋರಿಸುತ್ತಿದ್ದರೆ, ಹಿಂದೆ ಹಾಕಿದ್ದ ಬರ್ನಿಂಗ್ ತಂತ್ರಾಂಶವೋ, ಡಿಸ್ಕಿನ ನಕಲನ್ನು ನಿಜವಾದ ಡ್ರೈವಿನಂತೆ ತೋರಿಸುವ ವರ್ಚುವಲ್ ಡ್ರೈವೋ ಬಿಟ್ಟುಹೋದ ಫಿಲ್ಟರ್ (ಡ್ರೈವಿಗೂ ವಿಂಡೋಸಿಗೂ ನಡುವೆ ಕೂರುವ ಡ್ರೈವರ್) ಸಾಮಾನ್ಯವಾಗಿ ಕಾರಣ. ವಿಂಡೋಸಿನ ಒಳ ಸೆಟ್ಟಿಂಗುಗಳನ್ನು ತಿದ್ದುವ ರಿಜಿಸ್ಟ್ರಿ ಎಡಿಟರಿನ ಕಂಟ್ರೋಲ್, ಕ್ಲಾಸ್ ಕೀಗಳ ಅಡಿಯಲ್ಲಿ '4ಡಿ36ಇ965' ಎಂದು ಶುರುವಾಗುವ ಕೀ ಹುಡುಕಿ. ಅದನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಅಪ್ಪರ್‌ಫಿಲ್ಟರ್ಸ್ ಮತ್ತು ಲೋವರ್‌ಫಿಲ್ಟರ್ಸ್ ಎಂಬ ವ್ಯಾಲ್ಯೂಗಳನ್ನು ಮಾತ್ರ ಅಳಿಸಿ ರೀಸ್ಟಾರ್ಟ್ ಮಾಡಿ. ಇಡೀ ಕೀಯನ್ನು ಅಳಿಸೀರಿ, ಜೋಕೆ.

ಗೇಮ್ ಎಲ್ಲಿ ಹುಡುಕುತ್ತಿದೆ?

ಇನ್‌ಸ್ಟಾಲ್ ಆದ ದಿನ ಡ್ರೈವ್ 'ಡಿ' ಆಗಿತ್ತು, ಆಮೇಲೆ ಹೊಸ ಹಾರ್ಡ್ ಡಿಸ್ಕ್ ಬಂದು ಅದು 'ಇ' ಆಯಿತು ಎಂದಿಟ್ಟುಕೊಳ್ಳಿ. ಹಳೆಯ ಗೇಮುಗಳಲ್ಲಿ ಹಲವು ಆ ಮೊದಲ ಅಕ್ಷರವನ್ನು ಬರೆದಿಟ್ಟುಕೊಂಡು ಅಲ್ಲಿಗೇ ಹೋಗುತ್ತವೆ. ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ 'ಸಿಡಿರಾಮ್ 0' ಎಂದಿರುವಲ್ಲಿ ರೈಟ್ ಕ್ಲಿಕ್ ಮಾಡಿ ಡ್ರೈವ್ ಅಕ್ಷರವನ್ನು ಮೊದಲಿದ್ದಂತೆ ಬದಲಿಸಿ. ಆ ಅಕ್ಷರವನ್ನು ಹಾರ್ಡ್ ಡಿಸ್ಕ್ ಆಕ್ರಮಿಸಿದ್ದರೆ ಮೊದಲು ಅದಕ್ಕೆ ಬೇರೆ ಅಕ್ಷರ ಕೊಡಬೇಕು. ಆದರೆ ಆ ಹಾರ್ಡ್ ಡಿಸ್ಕಿನಲ್ಲಿ ಬೇರೆ ಪ್ರೋಗ್ರಾಮುಗಳಿದ್ದರೆ ಅವು ಕೆಡುತ್ತವೆ, ಆಗ ಗೇಮನ್ನೇ ಮತ್ತೆ ಇನ್‌ಸ್ಟಾಲ್ ಮಾಡುವುದು ಮೇಲು. ಎರಡು ಸಿಡಿ ಡ್ರೈವುಗಳಿದ್ದರೆ, ವರ್ಚುವಲ್ ಆದದ್ದನ್ನೂ ಸೇರಿಸಿ, ಕೆಲವು ಗೇಮುಗಳು ಮೊದಲನೆಯದನ್ನು ಮಾತ್ರ ನೋಡುತ್ತವೆ.

ಡಿಸ್ಕಿನಲ್ಲಿದ್ದದ್ದೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿದರೂ ಗೇಮ್ ಒಪ್ಪದಿರುವುದಕ್ಕೆ ಕಾರಣ ಸರಳ: ಅತಿ ಸಾದಾ ತಪಾಸಣೆ ಕೂಡ 'ಇದು ಸಿಡಿ ಡ್ರೈವೇ?' ಎಂದು ವಿಂಡೋಸನ್ನು ಕೇಳುತ್ತದೆ, ಜೊತೆಗೆ ಡಿಸ್ಕಿನ ಲೇಬಲ್ ಹೆಸರನ್ನೂ ಹೋಲಿಸುತ್ತದೆ. ಇಷ್ಟೇ ತಪಾಸಣೆ ಇರುವ ಗೇಮಾದರೆ ನಿಮ್ಮದೇ ಡಿಸ್ಕಿನಿಂದ ಐಎಸ್‌ಒ (ಇಡೀ ಡಿಸ್ಕಿನ ನಕಲಾದ ಒಂದೇ ಫೈಲ್) ಮಾಡಿಟ್ಟುಕೊಳ್ಳಿ. ವಿಂಡೋಸ್ 8ರಿಂದ ಈಚೆಗೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಿಡಿ ಡ್ರೈವಾಗಿಯೇ ಕಾಣಿಸುತ್ತದೆ. ಸಂಗೀತವನ್ನು ಆಡಿಯೋ ಟ್ರ್ಯಾಕುಗಳಾಗಿ ಇಟ್ಟ 90ರ ದಶಕದ ಗೇಮುಗಳಿಗೆ ಮಾತ್ರ ಐಎಸ್‌ಒ ಸಾಲದು. ಅದರಲ್ಲಿ ಡೇಟಾ ಟ್ರ್ಯಾಕ್ ಮಾತ್ರ ಉಳಿಯುವುದರಿಂದ ಗೇಮಿನ ಸಂಗೀತ ಮೂಕವಾಗುತ್ತದೆ; ಎಲ್ಲ ಟ್ರ್ಯಾಕುಗಳನ್ನೂ ಉಳಿಸುವ ಬಿನ್ ಮತ್ತು ಕ್ಯೂ ಫೈಲುಗಳ ಜೋಡಿ ಬೇಕು.

ಹಳೆಯ ಡಾಸ್ ಗೇಮುಗಳನ್ನು ಓಡಿಸುವ ಡಾಸ್‌ಬಾಕ್ಸಿನಲ್ಲಿ ಆಡುವವರು ಮೌಂಟ್ ಆಜ್ಞೆಯ ಕೊನೆಗೆ ಹೈಫನ್ ಮತ್ತು ಟಿ, ಒಂದು ಸ್ಪೇಸ್, ನಂತರ ಸಿಡಿರಾಮ್ ಎಂಬ ಪದ ಸೇರಿಸಿದ್ದೀರಾ ನೋಡಿಕೊಳ್ಳಿ. ಅದಿಲ್ಲದಿದ್ದರೆ ಡಾಸ್‌ಬಾಕ್ಸ್ ಅದನ್ನು ಬರೀ ಫೋಲ್ಡರೆಂದು ತಿಳಿಯುತ್ತದೆ.

ಕಾವಲು ತಂತ್ರಾಂಶದ ತಕರಾರು

ಡಿಸ್ಕ್ ಪೂರ್ತಿ ಕಾಪಿಯಾಗುತ್ತದೆ, ಅಕ್ಷರವೂ ಸರಿ, ಆದರೂ ಗೇಮ್ ಹಟ ಹಿಡಿದಿದೆ. ಸರಿಸುಮಾರು 1998ರಿಂದ 2008ರವರೆಗಿನ ಗೇಮಾದರೆ ಸೇಫ್‌ಡಿಸ್ಕ್ ಅಥವಾ ಸೆಕ್ಯುರಾಮ್ ಮೇಲೆ ಅನುಮಾನ ಪಡಿ. ಇವು ಫೈಲುಗಳಿಗಷ್ಟೇ ತೃಪ್ತವಾಗುವುದಿಲ್ಲ; ಬೇಕೆಂದೇ ಕೆಡಿಸಿಟ್ಟ ಸೆಕ್ಟರುಗಳು, ದತ್ತಾಂಶ ಡಿಸ್ಕಿನ ಮೇಲೆ ಹರಡಿರುವ ಭೌತಿಕ ಕ್ರಮ, ಇಂಥವನ್ನು ಅಳೆದು ನೋಡುತ್ತವೆ. ಡಿಸ್ಕಿನ ಮೂಲ ಫೋಲ್ಡರಿನಲ್ಲಿ 00000001 ಎಂಬ ಹೆಸರಿನ ಟಿಎಂಪಿ ಫೈಲ್ ಅಥವಾ ಸೆಕ್‌ಡ್ರೈವ್ (ಇಂಗ್ಲಿಷಿನಲ್ಲಿ ಎಸ್, ಇ, ಸಿ, ಡಿ, ಆರ್, ವಿ) ಎಂಬ ಸಿಸ್ ಫೈಲ್ ಇದ್ದರೆ ಅದು ಸೇಫ್‌ಡಿಸ್ಕ್. ಲೇಸರ್‌ಲಾಕ್ ಎಂಬ ಅಡಗಿಸಿಟ್ಟ ಫೋಲ್ಡರ್ ಇದ್ದರೆ ಅದೇ ಹೆಸರಿನ ಇನ್ನೊಂದು ಕಾವಲು.

ಸೇಫ್‌ಡಿಸ್ಕಿನ ಕೆಲಸವೆಲ್ಲ ನಡೆಯುವುದು ಸೆಕ್‌ಡ್ರೈವ್ ಎಂಬ ಡ್ರೈವರಿನ ಮೇಲೆ. ಅದರಲ್ಲಿ ಭದ್ರತಾ ಲೋಪ ಇದ್ದುದರಿಂದ 2015ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಕೆಬಿ 3086255 ಎಂಬ ಅಪ್‌ಡೇಟಿನ ಮೂಲಕ ವಿಸ್ಟಾ, 7, 8 ಮತ್ತು 8.1ರಲ್ಲಿ ಅದನ್ನು ಆಫ್ ಮಾಡಿತು. ವಿಂಡೋಸ್ 10ರಲ್ಲಿ ಮೊದಲಿನಿಂದಲೇ ಅದಕ್ಕೆ ಜಾಗವಿಲ್ಲ, 11ರಲ್ಲೂ ಇಲ್ಲ. ನಿನ್ನೆ ಮೊನ್ನೆಯವರೆಗೆ ಆಡುತ್ತಿದ್ದ ಗೇಮ್ ಹೊಸ ಕಂಪ್ಯೂಟರಿನಲ್ಲಿ ಮುನಿಸಿಕೊಳ್ಳುವುದರ ಗುಟ್ಟು ಬಹುಮಟ್ಟಿಗೆ ಇದೇ. ಕಂಪ್ಯಾಟಿಬಿಲಿಟಿ ಮೋಡ್ ಇಲ್ಲಿ ಏನೂ ಮಾಡಲಾರದು, ಇಲ್ಲದ ಡ್ರೈವರನ್ನು ಅದು ಎಲ್ಲಿಂದ ತಂದೀತು?

ವಿಂಡೋಸ್ 7 ಅಥವಾ 8ರಲ್ಲಿ ದಾರಿಯಿದೆ. ರಿಜಿಸ್ಟ್ರಿಯ ಸರ್ವಿಸಸ್ ಕೀ ಅಡಿಯಲ್ಲಿ ಎಸ್, ಇ, ಸಿ, ಡಿ, ಆರ್, ವಿ ಅಕ್ಷರಗಳ ಕೀ ತೆರೆದು, ಸ್ಟಾರ್ಟ್ ಎಂಬ ವ್ಯಾಲ್ಯೂ 4 ಇದ್ದರೆ 3 ಮಾಡಿ ರೀಸ್ಟಾರ್ಟ್ ಮಾಡಿ. ಆಡುವ ಮುನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ 'ಎಸ್‌ಸಿ', 'ಸ್ಟಾರ್ಟ್' ಮತ್ತು ಆ ಆರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಸ್ಪೇಸ್ ಬಿಟ್ಟು ಬರೆದು ಎಂಟರ್ ಒತ್ತಿ. ಆಟ ಮುಗಿದ ಮೇಲೆ ಸ್ಟಾರ್ಟ್ ಬದಲು ಸ್ಟಾಪ್ ಬರೆದು ನಿಲ್ಲಿಸಿ. ಲೋಪವಿರುವ ಡ್ರೈವರನ್ನು ಸದಾ ಓಡುತ್ತ ಬಿಡಬಾರದು.

ಸೆಕ್ಯುರಾಮಿನ ಸ್ವಭಾವ ಬೇರೆ, ಅದು ಶಂಕೆಯ ಪ್ರಾಣಿ. ಡೀಮನ್ ಟೂಲ್ಸ್, ಆಲ್ಕೊಹಾಲ್ 120% ಇಂಥ ವರ್ಚುವಲ್ ಡ್ರೈವ್ ತಂತ್ರಾಂಶಗಳು ಕಂಡರೆ ಅಸಲಿ ಡಿಸ್ಕನ್ನೂ ನಿರಾಕರಿಸಬಹುದು. ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದಿದ್ದರೂ ಸಿಡುಕುತ್ತದೆ. ಅದನ್ನು ಮುಚ್ಚಿದರೆ ಸಾಲದು, ಅದರ ಡ್ರೈವರ್ ಉಳಿದಿರುವುದರಿಂದ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು.

ವಿಂಡೋಸ್ 10 ಅಥವಾ 11ರಲ್ಲಿ ಸೇಫ್‌ಡಿಸ್ಕ್ ಗೇಮ್ ಆಡಲೇಬೇಕೆಂದರೆ ಮೊದಲು ಗೇಮಿನ ಕೊನೆಯ ಅಧಿಕೃತ ಪ್ಯಾಚ್ ಹುಡುಕಿ. ಕೆಲವು ಪ್ರಕಾಶಕರು ತಾವಾಗಿಯೇ ಡಿಸ್ಕ್ ತಪಾಸಣೆಯನ್ನು ತೆಗೆದುಹಾಕಿದ್ದಾರೆ: ಬ್ಲಿಝರ್ಡ್ 2008ರಲ್ಲಿ ಡಯಾಬ್ಲೊ 2ರ 1.12 ಪ್ಯಾಚಿನಲ್ಲಿ ಹಾಗೆ ಮಾಡಿತು, ಡಿಸ್ಕಿನಲ್ಲಿದ್ದ ಎಂಪಿಕ್ಯೂ ಎಂಬ ದತ್ತಾಂಶದ ಫೈಲುಗಳನ್ನು ಗೇಮ್ ಫೋಲ್ಡರಿಗೆ ಕಾಪಿ ಮಾಡಿಕೊಂಡರೆ ಸಾಕು. ಪ್ಯಾಚ್ ಇಲ್ಲದಿದ್ದರೆ ಗೇಮ್ ಮಾರುವ ತಾಣಗಳಾದ ಜಿಒಜಿ ಅಥವಾ ಸ್ಟೀಮಿನಲ್ಲಿ ಡಿಜಿಟಲ್ ಆವೃತ್ತಿ ಸಿಗುತ್ತದೆಯೇ ನೋಡಿ. ಅಲ್ಲಿನ ಹಳೆಯ ಗೇಮುಗಳು ಡಿಸ್ಕ್ ಕೇಳುವುದಿಲ್ಲ. ಡಿಸ್ಕ್ ತಪಾಸಣೆ ತಪ್ಪಿಸಲೆಂದು ಯಾರೋ ತಿದ್ದಿದ, ಎಲ್ಲೋ ಸಿಕ್ಕ 'ನೋ ಸಿಡಿ' ಫೈಲುಗಳನ್ನು ಓಡಿಸಬೇಡಿ, ಅವುಗಳ ಜೊತೆ ವೈರಸ್ ಸಲೀಸಾಗಿ ಬರುತ್ತದೆ. ಯಾವುದೂ ಆಗದಿದ್ದರೆ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರೊಂದನ್ನು ಇಂಟರ್‌ನೆಟ್ ಕೇಬಲ್ ಕಿತ್ತು, ಗೇಮಿಗೆಂದೇ ಬೇರೆಯಾಗಿ ಇಟ್ಟುಕೊಳ್ಳಿ. ವರ್ಚುವಲ್ ಮಷೀನಿಗೆ (ತಂತ್ರಾಂಶದಿಂದ ಕಂಪ್ಯೂಟರಿನೊಳಗೇ ಓಡಿಸುವ ಇನ್ನೊಂದು ಕಂಪ್ಯೂಟರಿಗೆ) ನಿಜವಾದ ಡ್ರೈವನ್ನೇ ಒಪ್ಪಿಸಿದರೂ ಈ ಕಾವಲುಗಳು ಒಪ್ಪುತ್ತವೆಂಬ ಖಾತ್ರಿಯಿಲ್ಲ.