ಬಿಸಿಯಾದರೂ ಇಳಿಯದ ಐಡಲ್: ಪಗೋಡಾ ಕಾರಿನೊಡನೆ ನನ್ನ ಅನುಭವ

ಜರ್ಮನಿಯ ಷ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ನಾನು ಕಳೆದ ವರ್ಷ ಕೊಂಡ, ಪುನಶ್ಚೇತನಗೊಂಡ 1965ರ ಮರ್ಸಿಡಿಸ್-ಬೆಂಝ್ 230 ಎಸ್‌ಎಲ್, ನಡುವೆ ತಗ್ಗಿದ ಹಾರ್ಡ್‌ಟಾಪ್‌ನಿಂದಾಗಿ (ತೆಗೆದಿಡಬಹುದಾದ ಗಟ್ಟಿ ಚಾವಣಿ) 'ಪಗೋಡಾ' ಎಂದೇ ಹೆಸರಾದ ಕಾರು. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಅದರ ಐಡಲ್ ವೇಗ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗಿನ ವೇಗ, ನಿಮಿಷಕ್ಕೆ 1,400 ಸುತ್ತುಗಳಿಂದ ಕೆಳಗಿಳಿಯುತ್ತಿರಲಿಲ್ಲ. ಸ್ಪಾರ್ಕ್ ಪ್ಲಗ್‌ಗಳ ತುದಿಯಲ್ಲಿ ಒಣ ಮಸಿ ಕಟ್ಟಿತ್ತು; ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ ಎಂಬುದರ ಸೂಚನೆ ಅದು.

ಈ ಎಂಜಿನ್ನಿಗೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಯಾಂತ್ರಿಕ ಇಂಜೆಕ್ಷನ್ ಪಂಪ್ ಇದೆ. ಅದರ ಹಿಂತುದಿಯ ಥರ್ಮೋಸ್ಟಾಟ್, ಎಂಜಿನ್ನನ್ನು ತಣಿಸುವ ಕೂಲಂಟ್ ನೀರು ಬಿಸಿಯಾದಂತೆ ಹಿಗ್ಗಿ ಒಂದು ಸಣ್ಣ ಕಡ್ಡಿಯನ್ನು ತಳ್ಳುತ್ತ, ತಣ್ಣನೆಯ ಎಂಜಿನ್ನಿಗೆಂದು ಒದಗುತ್ತಿದ್ದ ಹೆಚ್ಚುವರಿ ಪೆಟ್ರೋಲ್ ಮತ್ತು ಗಾಳಿ ಎರಡನ್ನೂ ನಿಲ್ಲಿಸಬೇಕು. ಬಿಸಿ ಎಂಜಿನ್ ಓಡುತ್ತಿರುವಾಗಲೇ ಆ ಹೆಚ್ಚುವರಿ ಗಾಳಿ ಒಳಹೋಗುವ ಪುಟ್ಟ ಏರ್ ಫಿಲ್ಟರ್‌ನ ಬಾಯಿಗೆ ಬೆರಳಿಟ್ಟೆ. ಗಾಳಿ ಬೆರಳನ್ನು ಬಲವಾಗಿ ಒಳಗೆಳೆಯಿತು, ಎಂಜಿನ್ನಿನ ಸದ್ದು ತಟ್ಟನೆ ತಗ್ಗಿತು. ಅಷ್ಟರಲ್ಲಿ ಮುಚ್ಚಿರಬೇಕಿದ್ದ ಗಾಳಿಯ ದಾರಿ ಇನ್ನೂ ತೆರೆದೇ ಇತ್ತು. ದೋಷ ಸಿಕ್ಕಿತು.

ಕ್ರೋಮ್ ಭಾಗಗಳನ್ನು ಕನ್ನಡಿಯಂತೆ ಹೊಳೆಯಿಸಿದವರು ಈ ಥರ್ಮೋಸ್ಟಾಟ್ ಭಾಗವನ್ನು ಬಿಚ್ಚಿಯೇ ಇರಲಿಲ್ಲವೆಂದು ತೋರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಕೂಲಂಟ್ ಇಳಿಸಿ, ಭಾಗವನ್ನು ಕಳಚಿ ನೋಡಿದರೆ, ಗಾಳಿಯ ದಾರಿ ಮುಚ್ಚುವ ಅದರೊಳಗಿನ ಪುಟ್ಟ ಪಿಸ್ಟನ್ ಕಂದು ಜಿಗುಟಿನಲ್ಲಿ ಅಂಟಿಕೊಂಡಿತ್ತು. ದ್ರಾವಕದಲ್ಲಿ ರಾತ್ರಿಯಿಡೀ ನೆನೆಸಿ, ಅದು ತನ್ನ ಭಾರಕ್ಕೇ ಜಾರುವಷ್ಟು ಶುಚಿಗೊಳಿಸಿ, ಅಂತರ ಹೊಂದಿಸುವ ತೆಳು ಬಿಲ್ಲೆಗಳಾದ ಶಿಮ್‌ಗಳನ್ನು ಇದ್ದ ಕ್ರಮದಲ್ಲೇ ಕೂರಿಸಿದೆ. ಈಗ ಹತ್ತು ನಿಮಿಷ ಓಡಿಸಿದರೆ ಐಡಲ್ 800ಕ್ಕೆ ಬಂದು ನಿಲ್ಲುತ್ತದೆ.