ಎರಡು ಕೈಯ ಫೋರ್‌ಹ್ಯಾಂಡ್: ಮೂರು ವರ್ಷ ಒದ್ದಾಡಿದ ನನ್ನ ಅನುಭವ

ಹೋದ ತಿಂಗಳು ನಮ್ಮ ಕ್ಲಬ್ಬಿನಲ್ಲಿ 45 ದಾಟಿದವರ ಟೆನಿಸ್ ಸಿಂಗಲ್ಸ್ ಸೆಮಿಫೈನಲ್ ಗೆದ್ದೆ. 6-4, 7-5. ಎದುರಿಗಿದ್ದವರು ಐದಾರು ವರ್ಷದಿಂದ ನನ್ನನ್ನು ಸೋಲಿಸುತ್ತಲೇ ಬಂದವರು. ನೆಟ್ ಹತ್ತಿರ ಕೈಕುಲುಕಿ, "ಆ ಫೋರ್‌ಹ್ಯಾಂಡ್ ನಂಗೂ ಸ್ವಲ್ಪ ತೋರಿಸಿ ಸರ್" ಅಂದರು. ಮೂರು ವರ್ಷದ ಹಿಂದೆ ನಾನು ಫೋರ್‌ಹ್ಯಾಂಡನ್ನು, ಅಂದರೆ ಬಲಗಡೆ ಬಂದ ಚೆಂಡಿನ ಹೊಡೆತವನ್ನು, ಎರಡು ಕೈಯಲ್ಲಿ ಹೊಡೆಯೋದು ನೋಡಿ "ಇದೇನ್ ಕ್ರಿಕೆಟ್ಟಾ ಸರ್?" ಅಂದವರೂ ಅವರೇ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಎಲ್ಲ ಶುರುವಾಗಿದ್ದು ಮಣಿಕಟ್ಟಿನ ನೋವಿನಿಂದ. ಅದಕ್ಕೆ ಮೊದಲು ನನಗೆ ಬೆರಸಾಟೆಗಿ ಹಿಡಿತದ ಹುಚ್ಚು ಹಿಡಿದಿತ್ತು. 1994ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಬ್ರುಗೇರಾಗೆ ಸೋತ ಆಲ್ಬರ್ಟೊ ಬೆರಸಾಟೆಗಿ ನೆನಪಿದ್ದಾರೆ ಅಲ್ವಾ? ಅಂಗೈ ಹಿಡಿಯ ಕೆಳಗೆ ಬರುವ ವೆಸ್ಟರ್ನ್ ಹಿಡಿತವನ್ನೂ ದಾಟಿ ಅಂಗೈಯನ್ನು ಇನ್ನೂ ಕೆಳಗೆ ತಿರುಗಿಸಿಕೊಂಡು, ಫೋರ್‌ಹ್ಯಾಂಡು, ಇನ್ನೊಂದು ಕಡೆಯ ಬ್ಯಾಕ್‌ಹ್ಯಾಂಡು ಎರಡನ್ನೂ ರಾಕೆಟ್ಟಿನ ಒಂದೇ ಮುಖದಲ್ಲಿ ಹೊಡೆಯುತ್ತಿದ್ದರು. ನಾನೂ ಏಳೆಂಟು ತಿಂಗಳು ಹಾಗೇ ಆಡಿದೆ. ಬೇಸಿಗೆಯಲ್ಲಿ ಮಣ್ಣಿನ ಕೋರ್ಟು ಒಣಗಿ ಚೆಂಡು ಭುಜದೆತ್ತರ ಏಳುವಾಗ ನನ್ನನ್ನು ಹಿಡಿಯುವವರೇ ಇರಲಿಲ್ಲ. ಜೂನ್ ಬಂತು, ಮಳೆ ಬಿತ್ತು, ಚೆಂಡು ಮೊಣಕಾಲಿನಿಂದ ಮೇಲೆ ಏಳಲೇ ಇಲ್ಲ. ಅಂಥ ಚೆಂಡನ್ನು ಆ ಹಿಡಿತದಲ್ಲಿ ಎತ್ತಲು ಹೋಗಿ ಹೋಗಿ, ಕಿರುಬೆರಳಿನ ಕಡೆಯ ಮಣಿಕಟ್ಟು ಊದಿಕೊಂಡಿತು. ಫಿಸಿಯೋಗೆ ಸಲಕ್ಕೆ 500ರಂತೆ ಒಂದು 12 ಸಲ ಹೋದೆ. ಆಡೋದು ಬಿಡಿ ಅಂದರು. ಬಿಡಲಿಲ್ಲ. ಎಡಗೈಯನ್ನೂ ಸೇರಿಸಿದೆ.

ಎರಡು ಕೈಯ ಫೋರ್‌ಹ್ಯಾಂಡ್ ಹೊಸದಲ್ಲ. ಈಕ್ವೆಡಾರಿನ ಪಾಂಚೊ ಸೆಗುರಾ 1940ರ ದಶಕದಲ್ಲೇ ಹೊಡೆದವರು. ಮೋನಿಕಾ ಸೆಲೆಸ್ 9 ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದು ಎರಡೂ ಕಡೆ ಎರಡು ಕೈಯಲ್ಲೇ. 2013ರಲ್ಲಿ ವಿಂಬಲ್ಡನ್ ಗೆದ್ದ ಬಾರ್ಟೊಲಿ ಕೂಡ ಹಾಗೇ. ಆದರೆ ಕ್ಲಬ್ಬಿನಲ್ಲಿ ಇದನ್ನೆಲ್ಲ ಹೇಳಿದರೆ ಯಾರು ಕೇಳ್ತಾರೆ?

ಮೊದಲು ಬಲಗೈ ಕೆಳಗೇ ಇಟ್ಟು, ಎಡಗೈ ಮೇಲೆ ಜೋಡಿಸಿದೆ. ಕೈ ಬದಲಿಸುವ ಗೋಜಿಲ್ಲ, ಬ್ಯಾಕ್‌ಹ್ಯಾಂಡಿಗೂ ಅದೇ ಹಿಡಿತ. ಆದರೆ ದೂರದ ಚೆಂಡಿಗೆ ಎಡಗೈ ಎದೆಗೆ ಅಡ್ಡ ಬಂದು ನಿಲ್ಲುತ್ತಿತ್ತು, ಭುಜ ತಿರುಗುತ್ತಲೇ ಇರಲಿಲ್ಲ. ಎರಡು ತಿಂಗಳು ಸುಮ್ನೆ ಹಾಳಾಯಿತು. ಆಮೇಲೊಂದು ಭಾನುವಾರ ಮಗನ ಜೊತೆ ರಸ್ತೆಯಲ್ಲಿ ಕ್ರಿಕೆಟ್ ಆಡುವಾಗ ಒಂದು ಪುಲ್ ಶಾಟ್ ಹೊಡೆದೆ. ಎಡಗೈ ಹಿಡಿಯ ತುದಿಯಲ್ಲಿ, ಬಲಗೈ ಬ್ಲೇಡಿನ ಕಡೆ. ಹೊಡೆದವನು ಅಲ್ಲೇ ನಿಂತು ಕೈ ನೋಡಿಕೊಂಡೆ. ಹುಡುಗನಾಗಿದ್ದಾಗಿನಿಂದ ಕೈಗೆ ಗೊತ್ತಿರುವ ಹಿಡಿತ! ಅದನ್ನೇ ರಾಕೆಟ್ಟಿಗೆ ತಂದೆ.

ಕ್ಲಬ್ಬಿನಲ್ಲಿ ದುಡ್ಡಿಗೆ ಅಭ್ಯಾಸ ಮಾಡಿಸುವ ಮಾರ್ಕರ್ ಹುಡುಗ ಮೊದಲ ದಿನ ನಕ್ಕ. ಗಂಟೆಗೆ 300 ಕೊಟ್ಟು ಸುಮಾರು 30 ಗಂಟೆ ಅವನ ಕೈಲಿ ಬಲಗಡೆಗೇ ಚೆಂಡು ಹಾಕಿಸಿಕೊಂಡೆ. ಮೊದಲ ವಾರ ಎಡ ಅಂಗೈಯ ಬುಡದಲ್ಲಿ ಬೊಬ್ಬೆ. ಬಲಗೈಯ ತೋರುಬೆರಳು ಗ್ರಿಪ್ ಮುಗಿಯುವ ಕಡೆ ಬರಿ ಫ್ರೇಮಿಗೆ ಉಜ್ಜಿ ಚರ್ಮ ಸುಲಿಯಿತು. ಹಿಡಿಗೆ ಸುತ್ತುವ ಪಟ್ಟಿ, ಓವರ್‌ಗ್ರಿಪ್ಪನ್ನು ಇನ್ನೂ ಎರಡು ಸುತ್ತು ಮೇಲಕ್ಕೆ ಸುತ್ತಿದ ಮೇಲೆ ಅದು ನಿಂತಿತು. ಹಿಡಿ ಉದ್ದ ಮಾಡೋಣ ಅಂತ ಬುಡಕ್ಕೆ ಮರದ ತುಂಡು ಅಂಟಿಸಿದ್ದೂ ಆಯಿತು. ಬುಡ ಭಾರವಾಗಿ ತಲೆಯೇ ಇಲ್ಲದ ರಾಕೆಟ್ ಬೀಸಿದ ಹಾಗಾಯಿತು. ಮೂರನೇ ದಿನ ಸರ್ವ್ ಮಾಡುವಾಗ ತುಂಡು ಕಿತ್ತು ಬೇಲಿಗೆ ಹೋಗಿ ಬಡಿಯಿತು. ಕೊನೆಗೆ ಮಾಮೂಲಿಗಿಂತ ಸ್ವಲ್ಪ ಉದ್ದದ, 27.5 ಇಂಚಿನ ಹಳೇ ರಾಕೆಟ್ಟೊಂದು 5,500ಕ್ಕೆ ಸಿಕ್ಕಿತು. ನಿಯಮದಲ್ಲಿ 29 ಇಂಚಿನವರೆಗೂ ಅವಕಾಶ ಇದೆ, ಯಾರೂ ತಕರಾರು ಮಾಡುವ ಹಾಗಿಲ್ಲ.

ಗಟ್ಟಿಂಗ್, ಅಂದರೆ ರಾಕೆಟ್ಟಿನ ತಂತಿ ಐದಾರು ಸಲ ಬದಲಿಸಿದೆ, ಸಲಕ್ಕೆ 700ರ ಹತ್ತಿರ. 56 ಪೌಂಡಿನ ಬಿಗಿತದಲ್ಲಿ ಚೆಂಡು ಸರ್ವಿಸ್ ಲೈನಿನಲ್ಲೇ ಬೀಳುತ್ತಿತ್ತು, 46ರಲ್ಲಿ ಕಾಂಪೌಂಡ್ ದಾಟುತ್ತಿತ್ತು. 50ಕ್ಕೆ ಬಂದು ನಿಂತೆ. ಫಿಸಿಯೋ ಸೇರಿ ಒಟ್ಟು 25,000ದ ಆಸುಪಾಸು ಖರ್ಚಾಗಿದೆ. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಎಲ್ಲಕ್ಕಿಂತ ಜಾಸ್ತಿ ಲಾಭವಾಗಿದ್ದು ಸರ್ವಿಸ್ ರಿಟರ್ನಿನಲ್ಲಿ. ಬೀಸು ಚಿಕ್ಕದು, ಚೆಂಡನ್ನು ಮೇಲೇಳುವಾಗಲೇ ತಡೆಯಬಹುದು. ಕ್ರಾಸ್, ಅಂದರೆ ಕೋರ್ಟಿಗೆ ಓರೆಯಾಗಿ ಹೋಗುತ್ತೋ ನೇರ ಹೋಗುತ್ತೋ ಎದುರಿನವರಿಗೆ ಕೊನೇವರೆಗೂ ಗೊತ್ತಾಗಲ್ಲ. ಮಳೆಗಾಲದ ತಗ್ಗು ಚೆಂಡನ್ನೂ ಈಗ ಸ್ವೀಪ್ ಮಾಡಿದ ಹಾಗೆ ಎತ್ತುತ್ತೇನೆ. ಮಣಿಕಟ್ಟು ನೋವು ಮರೆತೇ ಹೋಗಿದೆ. ದೂರದ ಚೆಂಡಿಗೆ ಎಟುಕು ಕಡಿಮೆ, ಅದು ನಿಜ. ಅದಕ್ಕೆ ಒಂದೂವರೆ ಹೆಜ್ಜೆ ಜಾಸ್ತಿ ಓಡಬೇಕು, ಓಡುತ್ತೇನೆ. ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೆಯುವ ವಾಲಿಗೆ ಈಗಲೂ ಒಂದೇ ಕೈ.

ಬ್ಯಾಕ್‌ಹ್ಯಾಂಡಿಗೆ ಕೈ ಹೇಗೆ ಬದಲಿಸ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಬಲಗೈ ಕೆಳಗೆ ಜಾರುವುದು ಯಾವಾಗ, ಎಡಗೈ ಹೆಬ್ಬೆರಳು ಹಿಡಿಯ ಯಾವ ಬೆವೆಲ್ (ಚಪ್ಪಟೆ ಬದಿ) ಮೇಲೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಮುಂದಿನ ತಿಂಗಳು ಡಬಲ್ಸ್ ಇದೆ, ಇದನ್ನು ಓದುವವರಲ್ಲಿ ನಾಲ್ಕೈದು ಜನ ಅಲ್ಲೇ ಎದುರಿಗೆ ನಿಲ್ಲುವವರು.

ಈಗ ಬೆಳಗ್ಗೆ ಆರಕ್ಕೇ ಹೋಗಿ ಗೋಡೆ ಹತ್ತಿರ ಇನ್ನೊಂದು ಪ್ರಯತ್ನ ನಡೆದಿದೆ. ಬ್ಯಾಕ್‌ಹ್ಯಾಂಡ್ ಕಡೆ ದೂರ ಬಂದ ಚೆಂಡಿಗೆ ಬಲಗೈ ಬಿಟ್ಟು, ಬರಿ ಎಡಗೈಯಲ್ಲಿ ಫೋರ್‌ಹ್ಯಾಂಡ್. ಹತ್ತರಲ್ಲಿ ನಾಲ್ಕು ಗೋಡೆಯ ಮೇಲಿನ ನೆಟ್ ಎತ್ತರದ ಗೆರೆ ದಾಟುತ್ತಿವೆ. ಮಾರ್ಕರ್ ಹುಡುಗ ಈ ಸಲ ನಗಲಿಲ್ಲ.