ಬೂದು ಕಂಬ, ಕೆಂಪು ಸೆರಗು: ನಮ್ಮೂರಲ್ಲೇ ಫೋಟೊಶೂಟ್ ಹೇಗೆ?

ಮ್ಯಾಗಜಿನ್ ಥರದ ಫೋಟೊ ಬೇಕು ಅಂದರೆ ಎಲ್ಲರೂ ಗೋವಾ, ದಾಂಡೇಲಿ ಅನ್ನುತ್ತಾರೆ. ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ದಾರಿ (ಬಸ್ಸಿಗೆಂದೇ ಮೀಸಲಾದ ರಸ್ತೆ) ಇದೆಯಲ್ಲ, ಅದೇ ಸಾಕು. ಅಲ್ಲಿ ಓಡುವ ಚಿಗರಿ ಬಸ್ಸಿನ ನಿಲ್ದಾಣ, ಮೇಲ್ಸೇತುವೆ, ಬೂದು ಕಂಬ. ಜೊತೆಗೆ ಚೂರು ಜಪಾನಿ ತೋಟ.

ಮೊದಲು ಅನುಮತಿ ಪಡೆಯಿರಿ. ನಾನೊಮ್ಮೆ ಸುಮ್ನೆ ಟ್ರೈಪಾಡ್ ಹಿಡಿದು ಮೇಲ್ಸೇತುವೆ ಹತ್ತಿದ್ದೆ. ಮೂರನೇ ಫೋಟೊಗೆ ಕಾವಲುಗಾರ ಬಂದ. 'ಲೆಟರ್ ಐತೇನ್ರಿ ಸರ?' ಇರಲಿಲ್ಲ. ಮೇಕಪ್ಪು, ಬಾಡಿಗೆ ಕಾರು, ಅರ್ಧ ದಿನ ಎಲ್ಲ ನೀರಿಗೆ ಹೋಯಿತು. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಕಣ್ಣಿದ್ದರೆ ರೈಲ್ವೆಗೆ ಮುಂಚೆಯೇ ಅರ್ಜಿ ಹಾಕಿ. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲೇ ಇದೆ.

ಬಟ್ಟೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೂರದ ಫೋಟೊಗೆ ಇಳಕಲ್ ಸೀರೆಯ ಟೋಪ್ ತೆನಿ ಸೆರಗು (ಕೆಂಪಿನ ಮೇಲೆ ಬಿಳಿ ಗೋಪುರದಂಥ ವಿನ್ಯಾಸ), ಹತ್ತಿರದ್ದಕ್ಕೆ ಗುಳೇದಗುಡ್ಡ ಖಣ. ಖಣದ ಸಣ್ಣ ಹೂವು ದೂರದಿಂದ ಕಲಸಿಹೋಗುತ್ತದೆ.

ಬೆಳಿಗ್ಗೆ ಎಂಟರೊಳಗೆ ಶುರು ಮಾಡಿ. ಬಿಸಿಲೇರಿದರೆ ಸೇತುವೆಯ ನೆರಳಿಗೆ ಬನ್ನಿ. ಎದುರಿನ ಗೋಡೆ ಮೇಲೆ ಬಿದ್ದ ಬಿಸಿಲೇ ಮುಖಕ್ಕೆ ಮೆತ್ತನೆ ಬೆಳಕು ಕೊಡುತ್ತದೆ. ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಕಂಬಗಳು ಹಿಂದಕ್ಕೆ ಬಾಗಿದಂತೆ ಕಾಣುತ್ತವೆ. ಸೊಂಟದ ಎತ್ತರಕ್ಕೆ ಇಳಿಸಿ, ಮಟ್ಟ ಹಿಡಿದು, ಹಿಂದೆ ಸರಿದು ತೆಗೆಯಿರಿ. ಚಿಗರಿ ಬಸ್ಸು ಬಣ್ಣದ ಗೆರೆಯಾಗಿ ಸರಿಯಬೇಕೆಂದರೆ ಟ್ರೈಪಾಡ್ ಇಟ್ಟು ಶಟರ್ 1/15 ಸೆಕೆಂಡಿಗೆ ಹಾಕಿ. ಮಾಡೆಲ್ ಅಲ್ಲಾಡಬಾರದು, ಅಷ್ಟೇ. ಹತ್ತು ಬಸ್ಸಿಗೆ ಒಂದು ಸರಿ ಬಂದರೆ ಪುಣ್ಯ.

ಇನ್ನು ತೋಟ. ಜಪಾನಿನ ಕ್ಯೋಟೊದ ರ್‍ಯೋಆನ್‌ಜಿ ದೇವಾಲಯದಲ್ಲಿ ಒಂದು ಕಲ್ಲಿನ ತೋಟವಿದೆ. ಬಿಳಿ ಜಲ್ಲಿ, 15 ಕಲ್ಲು, ಕಲ್ಲಿನ ಬುಡಕ್ಕೆ ಒಂದಿಷ್ಟು ಪಾಚಿ. ನೀರಿಲ್ಲ. ಜಗಲಿಯ ಯಾವ ಮೂಲೆಯಲ್ಲಿ ಕೂತರೂ ಒಂದಾದರೂ ಕಲ್ಲು ಮರೆಯಾಗಿಯೇ ಇರುತ್ತದೆ. ನಾನು ಇದನ್ನೇ ಕಂಬದ ಹತ್ತಿರವೂ ಬಳಸುತ್ತೇನೆ: ಮಾಡೆಲ್‌ನ ಒಂದು ಭುಜ ಕಂಬದ ಹಿಂದೆ ಉಳಿಯಲಿ.

ಧಾರವಾಡದ ಗೆಳೆಯನ ಹಿತ್ತಲಲ್ಲಿ ನಾವು ಮಾಡಿದ್ದು ಹೀಗೆ. ಹತ್ತು ಬುಟ್ಟಿ ಜಲ್ಲಿ ಹರಡಿ, ರೇಕ್‌ನಿಂದ ಅಲೆಯಂತೆ ಗೀರು ಎಳೆದೆವು. ಮೂರು ಕಲ್ಲು, ಮೂರೂ ಬೇರೆ ಗಾತ್ರದವು, ಸಾಲಾಗಿ ಬೇಡ. ಬುಡವನ್ನು ಮಣ್ಣಲ್ಲಿ ಹೂಳಿ, ಆಗ ನೆಲದಿಂದಲೇ ಎದ್ದಂತೆ ಕಾಣುತ್ತವೆ. ನರ್ಸರಿಯ ಬಿದಿರು ಕುಂಡಗಳಿಂದ ಕಾಂಪೌಂಡ್ ಗೋಡೆ ಮುಚ್ಚಿದೆವು. ಮೇಲೆ ಪಕ್ಕದ ಮನೆಯ ಮಾವಿನಮರ ಮಾತ್ರ ಕಾಣುವಂತೆ ಬಿಟ್ಟೆವು. ಜಪಾನಿಯರು ಇದಕ್ಕೆ 'ಶಕ್ಕೆಯ್' ಅನ್ನುತ್ತಾರೆ, ಅಂದರೆ ಕಡ ತಂದ ನೋಟ. ಬಿಸಿಲಲ್ಲಿ ಜಲ್ಲಿ ಕಣ್ಣು ಕುಕ್ಕುತ್ತದೆ. ಧಾರವಾಡದ ಜಿಟಿಜಿಟಿ ಮಳೆ ನಿಂತ ಗಳಿಗೆಯೇ ಒಳ್ಳೆಯದು, ಒದ್ದೆ ಕಲ್ಲು ಕಪ್ಪಗೆ ಮಿಂಚುತ್ತದೆ.

ಪುಟ ಕಟ್ಟುವಾಗ ಕಂಬದ ಫೋಟೊ ಎಡಕ್ಕೆ, ಜಲ್ಲಿಯದು ಬಲಕ್ಕೆ ಇಡಿ. ಎರಡರಲ್ಲೂ ಕೆಂಪು ಸೆರಗು ಒಂದೇ ಮಟ್ಟದಲ್ಲಿರಲಿ.

ಶೂಟ್ ಮುಗಿದ ಮೇಲೆ ಜಲ್ಲಿ ಚೀಲಕ್ಕೆ ತುಂಬುತ್ತಿದ್ದೆವು. ಗೆಳೆಯನ ಅವ್ವ ಬಂದರು. 'ಅಲ್ಲೇ ಇರ್ಲಿ ಬಿಡಪಾ, ಹಿತ್ತಲ ಕೆಸರ ಆಗೂದಿಲ್ಲ' ಅಂದರು.